ಬಯಲಿನಲ್ಲಿ ನಿಲ್ಲಿಸಿದ ಸಣ್ಣ ವಿಮಾನ: ಮಳೆನೀರಿನ ಸೋರಿಕೆ ಮತ್ತು ತಡೆ

ಹ್ಯಾಂಗರಿನಲ್ಲಿ ಜಾಗ ಸಿಗದೆ ಬಯಲಿನಲ್ಲೇ ಹಗ್ಗ ಬಿಗಿದು ನಿಲ್ಲಿಸುವ ಒಂದೇ ಇಂಜಿನ್ನಿನ ವಿಮಾನಗಳಲ್ಲಿ ಮಳೆನೀರು ಒಳಗಿಳಿಯುವುದು ಸಾಮಾನ್ಯ ತೊಂದರೆ. ದೊಡ್ಡ ವಿಮಾನಗಳ ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕಾಯ್ದುಕೊಳ್ಳಬೇಕಾದ್ದರಿಂದ ಪ್ರತಿ ಸಂದನ್ನೂ ಭದ್ರವಾಗಿ ಮುಚ್ಚಿರುತ್ತಾರೆ. ಸಣ್ಣ ವಿಮಾನಗಳಿಗೆ ಆ ಅಗತ್ಯವಿಲ್ಲ. ಅವುಗಳ ಬಾಗಿಲು ಗಾಳಿಯ ರಭಸ ತಡೆದರೆ ಸಾಕು ಎಂಬ ಲೆಕ್ಕದಲ್ಲಿ ಕೂಡಿಸಿದಂಥದು. 1956ರಲ್ಲಿ ಮಾರುಕಟ್ಟೆಗೆ ಬಂದು 44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸೆಸ್ನಾ 172 ಇದಕ್ಕೆ ಒಳ್ಳೆಯ ಉದಾಹರಣೆ. ಈಗಲೂ ಹಾರುತ್ತಿರುವ ಅನೇಕ 172ಗಳು, ತಯಾರಿಕೆ 1986ರಲ್ಲಿ ಕೆಲಕಾಲ ನಿಲ್ಲುವುದಕ್ಕೂ ಹಿಂದಿನವು. ಅವುಗಳ ರಬ್ಬರು, ಸೀಲಂಟು ಬದಲಾಗದೆ ಉಳಿದಿದ್ದರೆ ಸೋರದಿರುವುದೇ ಆಶ್ಚರ್ಯ.

ಸೆಸ್ನಾದಂಥ ಮೇಲ್ರೆಕ್ಕೆಯ ವಿಮಾನದಲ್ಲಿ ನೀರು ಹೆಚ್ಚಾಗಿ ನುಗ್ಗುವುದು ಮುಂಗಾಜಿನ ಮೇಲಂಚಿನಿಂದ, ರೆಕ್ಕೆ ಒಡಲಿಗೆ ಸೇರುವ ಬುಡದಿಂದ, ಅಲ್ಲಿರುವ ಗಾಳಿ ಕೊಳವೆಯಿಂದ ಮತ್ತು ಚಾವಣಿಯ ಆಂಟೆನಾಗಳ ಬುಡದಿಂದ. ಪೈಪರ್ ಚೆರೋಕಿಯಂಥ ಕೆಳರೆಕ್ಕೆಯ ವಿಮಾನದಲ್ಲಿ ಮೊದಲ ಅನುಮಾನ ಬಲಬದಿಯ ಒಂಟಿ ಬಾಗಿಲಿನ ಮೇಲೆ. ಆದರೆ ನೀರು ಬಿದ್ದ ಜಾಗವೇ ಬಂದ ಜಾಗವಲ್ಲ. ಮುಂಗಾಜಿನ ನೆತ್ತಿಯಲ್ಲಿ ನುಸುಳಿದ ಹನಿ ಬಾಗಿಲ ಕಂಬದೊಳಗೆ ಇಳಿದು ಪೈಲಟಿನ ಕಾಲಬುಡದಲ್ಲಿ ಕಾಣಿಸಿಕೊಳ್ಳುತ್ತದೆ, ಇಲ್ಲವೇ ರೇಡಿಯೊಗಳ ಹಿಂದೆ ಸದ್ದಿಲ್ಲದೆ ತೊಟ್ಟಿಕ್ಕುತ್ತದೆ. ಒದ್ದೆ ಕಂಡಲ್ಲೆಲ್ಲ ಸೀಲಂಟು ಮೆತ್ತುವವರು ಸೋಲುವುದು ಇಲ್ಲೇ.

ಮೂಲ ಹುಡುಕಲು ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ಶುರು ಮಾಡಬೇಕಾದ್ದು ಕೆಳಗಿನಿಂದ. ಮೇಲಿನಿಂದ ಸುರಿದರೆ ಎಲ್ಲ ಸಂದೂ ಒಟ್ಟಿಗೆ ನೆನೆದು ಯಾವುದು ತಪ್ಪಿತಸ್ಥ ಎಂದು ತಿಳಿಯುವುದಿಲ್ಲ. ಒಳಗಿನ ಅಂಚುಗಳಿಗೆ ಟಾಲ್ಕಂ ಪುಡಿ ಸವರಿದ್ದರೆ ಹನಿ ಹರಿದ ದಾರಿ ಗೆರೆಯಾಗಿ ಉಳಿಯುತ್ತದೆ. ವಾಹನ ತೊಳೆಯುವ ರಭಸದ ಜೆಟ್ ಬಳಸಕೂಡದು, ಮಳೆ ಎಂದೂ ಹೋಗದ ಕಡೆಗೆಲ್ಲ ಅದು ನೀರು ನುಗ್ಗಿಸುತ್ತದೆ. ಬಾಗಿಲಿನ ಪರೀಕ್ಷೆ ಇನ್ನೂ ಸುಲಭ. ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಬೇಕು. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಕೂತಿಲ್ಲ ಎಂದರ್ಥ. ಹಾಗೆಂದು ದಪ್ಪ ರಬ್ಬರು ಅಂಟಿಸಿದರೆ ಬಾಗಿಲೇ ಬಾಗಿ ಇನ್ನೊಂದು ಮೂಲೆ ಬಾಯಿ ಬಿಡುತ್ತದೆ.

ಮುಂಗಾಜು ನಿಜವಾದ ಗಾಜಲ್ಲ, ಅಕ್ರಿಲಿಕ್. ಬಿಸಿಲಿಗೆ ಅದು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಒಣಗಿ ಕಲ್ಲಾಗುವ ಸೀಲಂಟು ಈ ಎಳೆದಾಟಕ್ಕೆ ಬಿರುಕು ಬಿಡುವುದರಿಂದ ಮೆದುವಾಗಿಯೇ ಉಳಿಯುವಂಥದು ಬೇಕು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ದೂರವಿರಲಿ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಅಮೋನಿಯಾ ಬೆರೆತ ಗಾಜು ತೊಳೆಯುವ ದ್ರವ ಅಕ್ರಿಲಿಕ್ ಮೇಲೆ ಕೂದಲೆಳೆಯಂಥ ಬಿರುಕು ಮೂಡಿಸುತ್ತದೆ. ಅಮೆರಿಕದ ನಿಯಮದಂತೆ, ವಿಮಾನದ ರಚನೆಗೆ ತೊಡಕಾಗದಿದ್ದರೆ ಪಕ್ಕದ ಕಿಟಕಿಯನ್ನು ಪೈಲಟ್ ಆಗಿರುವ ಮಾಲೀಕನೇ ಬದಲಿಸಬಹುದು. ಮುಂಗಾಜು ಆ ಪಟ್ಟಿಯಲ್ಲಿಲ್ಲ, ಅದು ಪರವಾನಗಿ ಪಡೆದ ಮೆಕ್ಯಾನಿಕ್‌ನ ಕೆಲಸ.

ಸೀಟು ನೆನೆದರೆ ಬೇಸರ, ಇಂಧನಕ್ಕೆ ನೀರು ಸೇರಿದರೆ ಪ್ರಾಣಾಪಾಯ. ಹಳೆಯ ಸೆಸ್ನಾಗಳಲ್ಲಿ ಟ್ಯಾಂಕಿನ ಮುಚ್ಚಳ ರೆಕ್ಕೆಯ ಮಟ್ಟಕ್ಕೇ ಕೂರುತ್ತದೆ. ಅದರ ಗುಳಿಯಲ್ಲಿ ನಿಂತ ಮಳೆನೀರು, ಸೆಡೆತ ರಬ್ಬರ್ ಉಂಗುರದ ಪಕ್ಕದಿಂದ ಟ್ಯಾಂಕಿಗೆ ಇಳಿಯುತ್ತದೆ. ಕೊಡೆಯಂತೆ ಅಂಚನ್ನು ಮುಚ್ಚುವ ಹೊಸ ಬಗೆಯ ಮುಚ್ಚಳ ಬಂದದ್ದು ಇದಕ್ಕಾಗಿಯೇ. ಸೆಸ್ನಾ 182ರ ಹಳೆಯ ಮಾದರಿಗಳಲ್ಲಿ ರಬ್ಬರ್ ಚೀಲದ ಟ್ಯಾಂಕುಗಳಿದ್ದವು. ಚೀಲದ ತಳದ ಸುಕ್ಕುಗಳ ಹಿಂದೆ ನೀರು ನಿಂತರೆ ಅದು ತೂಬಿನವರೆಗೆ ಬರುವುದೇ ಇಲ್ಲ. ಪರೀಕ್ಷೆಯಲ್ಲಿ ಶುದ್ಧ ಪೆಟ್ರೋಲು ಬಂದಿದ್ದರೂ ಹಾರುವಾಗ ಇಂಜಿನ್ ನಿಲ್ಲಬಹುದು. ಹೀಗಾಗಿ ಅಮೆರಿಕದ ವಿಮಾನಯಾನ ಆಡಳಿತವು 1984ರಲ್ಲಿ ಆ ಟ್ಯಾಂಕುಗಳ ತಪಾಸಣೆಯನ್ನು ಕಡ್ಡಾಯ ಮಾಡಿತು. ಮಳೆ ಬಿದ್ದ ಮರುದಿನ ಪ್ರತಿ ತೂಬಿನಿಂದಲೂ ಪಾರದರ್ಶಕ ಲೋಟಕ್ಕೆ ಇಂಧನ ಬಿಟ್ಟು ನೋಡಬೇಕು. ನೀರು ಭಾರವಾದ್ದರಿಂದ ನೀಲಿ ಬಣ್ಣದ ಪೆಟ್ರೋಲಿನ ಅಡಿಯಲ್ಲಿ ಗುಳ್ಳೆಯಾಗಿ ಕೂರುತ್ತದೆ. ಲೋಟ ತುಂಬ ಬರೀ ನೀರೇ ಇದ್ದರೆ ಗೆರೆ ಕಾಣುವುದಿಲ್ಲ. ಬಣ್ಣ, ವಾಸನೆ ಎರಡನ್ನೂ ನೋಡಬೇಕಾದ್ದು ಅದಕ್ಕೇ.

ಎಷ್ಟೇ ಮುಚ್ಚಿದರೂ ಒಂದಿಷ್ಟು ನೀರು ಒಳಗೆ ಬರುತ್ತದೆ. ಅದಕ್ಕೆಂದೇ ಹೊಟ್ಟೆಯ ತಳದಲ್ಲೂ ಬಾಲದ ರೆಕ್ಕೆಗಳಲ್ಲೂ ಸಣ್ಣ ತೂತುಗಳಿರುತ್ತವೆ. ಮಣ್ಣು, ಬಣ್ಣ, ಕಣಜದ ಗೂಡು ಅವನ್ನು ಕಟ್ಟಿಬಿಡುತ್ತವೆ. ಎಲಿವೇಟರಿನೊಳಗೆ ನೀರು ನಿಂತರೆ ಅದರ ತೂಕದ ಸಮತೋಲ ಕೆಟ್ಟು, ವೇಗದಲ್ಲಿ ಅಪಾಯಕಾರಿ ಅದುರು ಹುಟ್ಟಬಹುದು. ನೆಲಹಾಸಿನಡಿಯ ಫೈಬರ್‌ಗ್ಲಾಸ್ ಹೊದಿಕೆ ನೆನೆದರೆ ವಾರಗಟ್ಟಲೆ ಪಸೆ ಹಿಡಿದಿಟ್ಟು ಲೋಹದ ಮೇಲೆ ಬಿಳಿ ಪುಡಿ ಏಳಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ-3ರ ಒಡಲು ಫೈಬರಿನದಾದ್ದರಿಂದ ಅದರ ಮೈಗೆ ಈ ಭಯವಿಲ್ಲ. ಆದರೆ ಒಳಗಿನ ವೈರು, ಉಪಕರಣಗಳಿಗೆ ಒದ್ದೆ ಅಲ್ಲೂ ಒದ್ದೆಯೇ.

ಹೊದಿಕೆ ಹಾಕುವುದಾದರೆ ಗಾಳಿಯಾಡುವ ಬಟ್ಟೆಯದೇ ಆಗಬೇಕು. ಪ್ಲಾಸ್ಟಿಕ್ ಟಾರ್ಪಾಲು ಮಳೆ ತಡೆದರೂ ಒಳಗಿನ ಆವಿಯನ್ನು ಕೂಡಿಹಾಕುತ್ತದೆ, ಗಾಳಿಗೆ ಬಡಿದು ಅಕ್ರಿಲಿಕ್ಕನ್ನು ಗೀರುತ್ತದೆ. ಬಟ್ಟೆಯ ಹೊದಿಕೆಯಾದರೂ ದೂಳು ಕೂತ ಗಾಜಿನ ಮೇಲೆ ಎಳೆದರೆ ಅದೇ ಗತಿ, ಮೊದಲು ತೊಳೆದೇ ಹೊದಿಸಬೇಕು. ವೇಗ ತೋರಿಸುವ ಉಪಕರಣಕ್ಕೆ ಗಾಳಿ ಒಯ್ಯುವ ಪಿಟಾಟ್ ಕೊಳವೆಗೂ ಮುಚ್ಚಳ ಬೇಕು. ಕೆಂಪು ಪಟ್ಟಿ ನೇತುಬಿಟ್ಟದ್ದಾದರೆ ಹಾರುವ ಮೊದಲು ತೆಗೆಯುವುದು ಮರೆತುಹೋಗುವುದಿಲ್ಲ.