ಗೆರೆ ಎಣಿಕೆಯಿಂದಾಚೆ: ಫಿಲ್ಮ್ ಕ್ಯಾಮೆರಾ ಲೆನ್ಸುಗಳ ತುಲನೆಯ ಇತಿಹಾಸ

ಛಾಯಾಗ್ರಹಣದ ಆರಂಭದ ದಿನಗಳಲ್ಲಿ ಲೆನ್ಸಿನ ಯೋಗ್ಯತೆಯನ್ನು ಅದು ಒಳಬಿಡುವ ಬೆಳಕಿನಿಂದಲೇ ಬಹುಮಟ್ಟಿಗೆ ಅಳೆಯಲಾಗುತ್ತಿತ್ತು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕಹಾಕಿ ರೂಪಿಸಿದ, ಫೋಗ್ಟ್‌ಲೆಂಡರ್ ಸಂಸ್ಥೆ ತಯಾರಿಸಿದ ಭಾವಚಿತ್ರದ ಲೆನ್ಸು ಚಿತ್ರದ ನಡುಭಾಗವನ್ನು ಸ್ಪಷ್ಟವಾಗಿಯೂ ಅಂಚನ್ನು ಮಸುಕಾಗಿಯೂ ಮೂಡಿಸುತ್ತಿತ್ತಾದರೂ, ಕುಳಿತವರ ಮುಖ ನಡುವಿನಲ್ಲೇ ಇರುತ್ತಿದ್ದುದರಿಂದ ಆ ದೋಷವನ್ನು ಯಾರೂ ದೊಡ್ಡದು ಮಾಡಲಿಲ್ಲ.

1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದ ಮೇಲೆ ಈ ಉದಾರತೆಗೆ ಎಡೆ ಉಳಿಯಲಿಲ್ಲ. 24×36 ಮಿಲಿಮೀಟರಿನ ಪುಟ್ಟ ನೆಗೆಟಿವನ್ನು ಹಲವು ಪಟ್ಟು ಹಿಗ್ಗಿಸಿ ಮುದ್ರಿಸಬೇಕಾಗಿದ್ದುದರಿಂದ ಲೆನ್ಸಿನ ದೋಷವೂ ಅಷ್ಟೇ ಪಟ್ಟು ಹಿಗ್ಗುತ್ತಿತ್ತು. 1932ರಲ್ಲಿ ಜೈಸ್ ಸಂಸ್ಥೆ ಕಾಂಟ್ಯಾಕ್ಸ್ ಕ್ಯಾಮೆರಾವನ್ನು ಹೊರತಂದಾಗ ಅದರೊಡನೆ ಬಂದ, ಲುಡ್ವಿಗ್ ಬೆರ್ಟೆಲೆ ರೂಪಿಸಿದ ಸೋನಾರ್ ಲೆನ್ಸಿಗೂ ಲೈಕಾದ ಸುಮಾರ್ ಲೆನ್ಸಿಗೂ ನಡೆದ ಪೈಪೋಟಿ ಈ ಇತಿಹಾಸದಲ್ಲಿ ಅತ್ಯಂತ ಬೋಧಪ್ರದವಾದುದು. 50 ಮಿಲಿಮೀಟರಿನ, ಎಫ್/2 ದ್ವಾರದ (ದ್ವಾರದ ವ್ಯಾಸ ನಾಭಿದೂರದ ಅರ್ಧವಿರುವ) ಈ ಎರಡರಲ್ಲೂ ಆರಾರು ಗಾಜುಗಳಿದ್ದವು. ಆದರೆ ಸೋನಾರಿನಲ್ಲಿ ಅವನ್ನು ಮೂರು ಗುಂಪುಗಳಾಗಿ ಅಂಟಿಸಿದ್ದರಿಂದ ಗಾಳಿಗೆ ತೆರೆದ ಮೇಲ್ಮೈಗಳು ಆರು. ನಾಲ್ಕು ಗುಂಪುಗಳ ಸುಮಾರಿನಲ್ಲಿ ಎಂಟು. ಲೇಪನವಿಲ್ಲದ ಪ್ರತಿಯೊಂದು ಮೇಲ್ಮೈಯೂ ಶೇಕಡ 4ರಿಂದ 5ರಷ್ಟು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಆ ದಾರಿತಪ್ಪಿದ ಬೆಳಕಿನಲ್ಲಿ ಒಂದಷ್ಟು ಫಿಲ್ಮಿನ ಮೇಲೆ ಹರಡಿ ಕಪ್ಪನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಎರಡೇ ಮೇಲ್ಮೈಗಳ ಈ ಅಂತರ ಸೋನಾರ್ ಚಿತ್ರಗಳಿಗೆ ಎದ್ದುಕಾಣುವ ಕಾಂಟ್ರಾಸ್ಟನ್ನು, ಅಂದರೆ ಬೆಳಕು-ನೆರಳುಗಳ ನಡುವಿನ ವ್ಯತ್ಯಾಸವನ್ನು, ಒದಗಿಸಿತು.

1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲ ಕಂಡುಹಿಡಿದ ಪ್ರತಿಫಲನ ತಡೆಯುವ ತೆಳುಲೇಪನ ಯುದ್ಧಾನಂತರ ಎಲ್ಲೆಡೆ ಹರಡಿತು. ಮೇಲ್ಮೈಗಳ ಲೆಕ್ಕಕ್ಕೆ ಮೊದಲಿನ ಬೆಲೆ ಉಳಿಯಲಿಲ್ಲ. 1950ರಲ್ಲಿ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್, ಟೋಕಿಯೋದಲ್ಲಿ ಜುನ್ ಮಿಕಿ 85 ಮಿಲಿಮೀಟರಿನ ನಿಕ್ಕೋರ್ ಲೆನ್ಸಿನಿಂದ ತೆಗೆದ ಚಿತ್ರವನ್ನು ಕಂಡು ಬೆರಗಾಗಿ, ಕೊರಿಯಾ ಯುದ್ಧವನ್ನು ನಿಕ್ಕೋರ್ ಲೆನ್ಸುಗಳಲ್ಲೇ ಚಿತ್ರಿಸಿದ್ದು ಜಪಾನೀ ಲೆನ್ಸುಗಳ ಕೀರ್ತಿಗೆ ಮೂಲವಾಯಿತು. ಆ ನಿಕ್ಕೋರ್ ಸ್ವತಃ ಸೋನಾರ್ ಮಾದರಿಯದೇ ಎಂಬುದನ್ನು ಅದರ ಅಭಿಮಾನಿಗಳು ಹೇಳುವುದು ಕಡಿಮೆ.

ತುಲನೆಯ ಪ್ರಯೋಗಶಾಲೆಯ ವಿಧಾನ ಮಾತ್ರ ಬಹುಕಾಲ ಗೆರೆ ಎಣಿಕೆಯಲ್ಲೇ ನಿಂತಿತ್ತು. ಕ್ರಮೇಣ ಕಿರಿದಾಗುವ ಕಪ್ಪು-ಬಿಳಿ ಗೆರೆಗಳ ಫಲಕವನ್ನು ಚಿತ್ರಿಸಿ, ಮಿಲಿಮೀಟರಿಗೆ ಎಷ್ಟು ಜೋಡಿ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೆಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಈ ಪರೀಕ್ಷೆಯಲ್ಲಿ ಗೆದ್ದ ಲೆನ್ಸು ಮುದ್ರಿತ ಚಿತ್ರದಲ್ಲಿ ಸಪ್ಪೆಯಾಗಿ ಕಾಣುವುದು ಅಪರೂಪವಾಗಿರಲಿಲ್ಲ. ಈ ತೊಡಕನ್ನು ಬಿಡಿಸಿದ್ದು ಎಂಟಿಎಫ್ ಎಂಬ ಅಳತೆ: ಗೆರೆಗಳು ಕಾಣುತ್ತವೆಯೇ ಎಂದಷ್ಟೇ ಕೇಳದೆ, ಮೂಲದ ಕಾಂಟ್ರಾಸ್ಟಿನಲ್ಲಿ ಶೇಕಡ ಎಷ್ಟು ಪಾಲನ್ನು ಲೆನ್ಸು ಫಿಲ್ಮಿಗೆ ದಾಟಿಸುತ್ತದೆಂಬುದನ್ನು ಅದು ನಡುಭಾಗದಿಂದ ಮೂಲೆಯವರೆಗೆ ನಕ್ಷೆಯಾಗಿ ತೋರಿಸುತ್ತದೆ. ಜೈಸ್ ಪ್ರಕಟಿಸಿದ ಇಂಥ ನಕ್ಷೆಗಳಲ್ಲಿ ಮಿಲಿಮೀಟರಿಗೆ 10, 20 ಮತ್ತು 40 ಜೋಡಿ ಗೆರೆಗಳ ರೇಖೆಗಳಿರುತ್ತವೆ. ಸಾಧಾರಣ ಗಾತ್ರದ ಮುದ್ರಣದ ಮಟ್ಟಿಗೆ 10ರ ರೇಖೆಯೇ 40ರದಕ್ಕಿಂತ ಹೆಚ್ಚು ನಂಬಬಹುದಾದ ಸಾಕ್ಷಿ.