ಸವೆದ ನಳಿಗೆಯ ಸಾಕ್ಷ್ಯ

ಹಳೆಯ ರೈಫಲ್ ಕೈಗೆ ಬಂದಾಗ ಕಣ್ಣು ಮೊದಲು ಹೋಗುವುದು ಅದರ ಮರದ ಮೇಲೆ. ಗೀರು, ಎಣ್ಣೆ ಹಿಡಿದು ಕಪ್ಪಾದ ಕಲೆ, ಬಣ್ಣ ಹೋಗಿ ಬಿಳಿಚಿಕೊಂಡ ಉಕ್ಕು ಕಂಡರೆ ಇದರ ಕಾಲ ಮುಗಿಯಿತು ಎಂದುಕೊಳ್ಳುವುದು ಸಹಜ. ಶಸ್ತ್ರಾಗಾರದ ಅನುಭವಿ ಕೆಲಸಗಾರ ಮಾತ್ರ ಅದಕ್ಕೆ ಅಷ್ಟಾಗಿ ಬೆಲೆ ಕೊಡುವುದಿಲ್ಲ. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಬೋಲ್ಟನ್ನು ಹೊರಗೆ ತೆಗೆದಿಟ್ಟು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡುತ್ತಾನೆ. ರೈಫಲಿನ ನಿಜವಾದ ವಯಸ್ಸು ತಿಳಿಯುವುದು ಅಲ್ಲಿ.

ಭಾರತದಲ್ಲಿ ಹಲವು ತಲೆಮಾರುಗಳ ಕಾಲ ಇಂಥ ಪರೀಕ್ಷೆಗೆ ಒಳಗಾಗುತ್ತ ಬಂದದ್ದು 'ತ್ರೀ ನಾಟ್ ತ್ರೀ' ಎಂದೇ ಹೆಸರಾದ ಲೀ-ಎನ್‌ಫೀಲ್ಡ್ ರೈಫಲ್. ನಳಿಗೆಯ ಒಳವ್ಯಾಸ 0.303 ಅಂಗುಲ, ಅಂದರೆ 7.7 ಮಿಲಿಮೀಟರ್ ಇದ್ದುದರಿಂದ ಆ ಹೆಸರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಇದರ ಬೋಲ್ಟ್ ನಮ್ಮ ಬಾಗಿಲಿನ ಚಿಲಕದಂತೆಯೇ ಕೆಲಸ ಮಾಡುತ್ತದೆ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ಕವಚ ಹೊರಬೀಳುತ್ತದೆ. ಮುಂದೆ ತಳ್ಳಿ ಕೆಳಗೆ ತಿರುಗಿಸಿದರೆ ಹೊಸ ತೋಟಾ ಒಳಸೇರಿ ಅಗುಳಿ ಬೀಳುತ್ತದೆ.

ಸವೆತದ ಪಾಠವನ್ನು ಬ್ರಿಟಿಷ್ ಸೇನೆ ಕಲಿತದ್ದು ಈ ರೈಫಲಿನ ಹುಟ್ಟಿನಲ್ಲಿಯೇ. 1888ರಲ್ಲಿ ಅದು ಬಳಕೆಗೆ ತಂದ ಲೀ-ಮೆಟ್‌ಫರ್ಡ್ ರೈಫಲಿನ ನಳಿಗೆಯೊಳಗೆ ಏಳು ಆಳವಿಲ್ಲದ ಸುರುಳಿ ಗೀರುಗಳಿದ್ದವು. ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಹಾರುವಂತೆ ಮಾಡುವುದು ಈ ಗೀರುಗಳ ಕೆಲಸ. ಅಂದಿನ ಕಪ್ಪು ಮದ್ದಿಗೆ ಅವು ಹೇಳಿ ಮಾಡಿಸಿದಂತಿದ್ದವು. ಆಮೇಲೆ ಬಂದ ಕಾರ್ಡೈಟ್ ಎಂಬ ಹೊಗೆರಹಿತ ಮದ್ದಿನಲ್ಲಿ ಶೇಕಡ 58ರಷ್ಟು ನೈಟ್ರೋಗ್ಲಿಸರಿನ್ ಇತ್ತು. ಅದರ ಉರಿಯ ಬಿಸಿ ಆ ಗೀರುಗಳನ್ನು ಬೇಗನೆ ತಿಂದುಹಾಕಿತು. ಹೀಗಾಗಿ 1895ರಲ್ಲಿ ಆಳವಾದ ಐದು ಗೀರುಗಳ ನಳಿಗೆ ಬಂತು. ಮಾದರಿಗೆ ಎನ್‌ಫೀಲ್ಡ್ ಕಾರ್ಖಾನೆಯ ಹೆಸರು ಸೇರಿತು. ಮುಂದೆ ಮದ್ದಿನಲ್ಲಿಯೂ ನೈಟ್ರೋಗ್ಲಿಸರಿನ್ ಪ್ರಮಾಣವನ್ನು ಶೇಕಡ 30ಕ್ಕೆ ಇಳಿಸಲಾಯಿತು.

ಸವೆತ ಎಲ್ಲೆಡೆ ಒಂದೇ ರೀತಿ ಆಗುವುದಿಲ್ಲ. ತೋಟಾ ಕೂರುವ ಜಾಗದ ಮುಂದೆಯೇ, ಗೀರುಗಳು ಆರಂಭವಾಗುವಲ್ಲಿ, ಉರಿಯ ಹೊಡೆತ ಅತಿ ಹೆಚ್ಚು. ಬಿಸಿಯಾಗಿ ಮತ್ತೆ ತಣಿಯುವ ಉಕ್ಕಿನ ಮೇಲ್ಮೈ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಮುಂದಿನ ಗುಂಡುಗಳ ಅನಿಲ ಆ ಬಿರುಕುಗಳನ್ನು ಕೊರೆದು ಅಗಲ ಮಾಡುತ್ತದೆ. ಇದು ಹಾರಿಸಿದ್ದರಿಂದ ಬಂದ ಸವೆತ.

ಎರಡನೆಯದು ಅಲಕ್ಷ್ಯದಿಂದ ಬಂದದ್ದು. ಹಳೆಯ ತೋಟಾಗಳ ಕಿಡಿಮದ್ದು ಉರಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು. ಉಪ್ಪು ತೇವವನ್ನು ಎಳೆಯುತ್ತದೆ, ತೇವ ತುಕ್ಕನ್ನು ಕರೆಯುತ್ತದೆ. ಎಣ್ಣೆ ಈ ಉಪ್ಪನ್ನು ಕರಗಿಸದು. ಆದ್ದರಿಂದ ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರು ಸುರಿದು ತೊಳೆಯಬೇಕೆಂಬ ನಿಯಮವಿತ್ತು. ಒಂದು ಮಳೆಗಾಲ ಅದನ್ನು ಮರೆತರೆ ಸಾಕು, ನಳಿಗೆಯ ಒಳಗೆ ಸಿಡುಬಿನ ಕಲೆಗಳಂಥ ಗುಳಿಗಳು ಏಳುತ್ತಿದ್ದವು.

ಮೂರನೆಯದು ವಿಚಿತ್ರವಾದದ್ದು, ಅತಿಯಾದ ಆರೈಕೆಯ ಸವೆತ. ಸಿಪಾಯಿ ಭುಜಕ್ಕೆ ಒತ್ತಿಕೊಳ್ಳುವ ಮರದ ಭಾಗದೊಳಗೆ ಒಂದು ಪುಟ್ಟ ಎಣ್ಣೆ ಸೀಸೆ, ತೂಕ ಕಟ್ಟಿದ ಒಂದು ಹುರಿ ಇರುತ್ತಿದ್ದವು. ಹುರಿಗೆ ಬಟ್ಟೆ ಸಿಕ್ಕಿಸಿ ನಳಿಗೆಯ ಮೂಲಕ ಎಳೆಯುವುದು ದಿನಚರಿ. ಧೂಳು ಹತ್ತಿದ ಹುರಿಯನ್ನು ಓರೆಯಾಗಿ ಎಳೆದಾಗಲೆಲ್ಲ ಅದು ಅರದಂತೆ ನಳಿಗೆಯ ಬಾಯಂಚನ್ನು ಉಜ್ಜುತ್ತದೆ. ಬಾವಿಯ ಕಲ್ಲನ್ನು ಹಗ್ಗ ಸವೆಸಿದ ಹಾಗೆ ದುಂಡಗಿನ ಬಾಯಿ ಕ್ರಮೇಣ ಮೊಟ್ಟೆಯಾಕಾರವಾಗುತ್ತದೆ. ಗುಂಡನ್ನು ಕೊನೆಗೆ ಮುಟ್ಟುವುದು ಈ ಅಂಚೇ ಆದ್ದರಿಂದ ಅಲ್ಲಿ ಕೂದಲೆಳೆಯಷ್ಟು ಕೆಟ್ಟರೂ ಗುರಿ ತಪ್ಪುತ್ತದೆ. ಹೀಗಾಗಿ ಹೊರಗೆ ಥಳಥಳಿಸುವ ರೈಫಲ್ ಒಳಗೆ ಹಾಳಾಗಿರಬಹುದು. ಮರವೆಲ್ಲ ತರಚಿಹೋದದ್ದು ನೆಟ್ಟಗೆ ಗುಂಡು ಹೊಡೆಯಬಹುದು.

ಇವೆಲ್ಲ ಗುರಿಯ ಮಾತಾಯಿತು. ರೈಫಲ್ ಹಿಡಿದವನ ಜೀವಕ್ಕೆ ಸಂಬಂಧಿಸಿದ್ದು ಬೋಲ್ಟಿನ ಸವೆತ. ಲೀ ಬೋಲ್ಟಿನ ಅಗುಳಿ ಬೀಳುವುದು ಹಿಂಬದಿಯಲ್ಲಿ. ಸಾವಿರಾರು ಹೊಡೆತಗಳಿಗೆ ಅದರ ಮುಂಚಾಚುಗಳು ಸವೆದರೆ ಬೋಲ್ಟಿನ ಮುಖಕ್ಕೂ ನಳಿಗೆಯ ಹಿಂದಂಚಿಗೂ ನಡುವಿನ ಸಂದು ದೊಡ್ಡದಾಗುತ್ತದೆ. ಆಗ ತೋಟಾದ ಹಿತ್ತಾಳೆ ಕವಚ ಹಿಗ್ಗಿ, ಬುಡದ ಬಳಿ ಹರಿದು, ಬಿಸಿ ಅನಿಲ ಹಿಂದಕ್ಕೆ ನುಗ್ಗುವ ಅಪಾಯವಿದೆ. ಇದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಅದಕ್ಕೆಂದೇ ಎರಡು ಉಕ್ಕಿನ ಅಳತೆ ಬಿಲ್ಲೆಗಳಿವೆ. 0.064 ಅಂಗುಲದ ಬಿಲ್ಲೆ ಇಟ್ಟಾಗ ಬೋಲ್ಟ್ ಸಲೀಸಾಗಿ ಮುಚ್ಚಿಕೊಳ್ಳಬೇಕು, 0.074 ಅಂಗುಲದ್ದನ್ನು ಇಟ್ಟಾಗ ಮುಚ್ಚಿಕೊಳ್ಳಲೇಬಾರದು. ಸುರಕ್ಷಿತ ರೈಫಲಿಗೂ ತಿರಸ್ಕೃತ ರೈಫಲಿಗೂ ನಡುವೆ ಇರುವ ಅಂತರ ಕಾಲು ಮಿಲಿಮೀಟರು!

ಬೋಲ್ಟನ್ನು ಅದರದೇ ರೈಫಲಿಗೆ ಹೊಂದಿಸಿ ಕೂರಿಸುತ್ತಿದ್ದರು. ಆದ್ದರಿಂದಲೇ ಬೋಲ್ಟಿನ ಹಿಡಿಯ ಮೇಲೂ ರೈಫಲಿನ ಒಡಲ ಮೇಲೂ ಒಂದೇ ಸಂಖ್ಯೆ ಒತ್ತುವ ಪದ್ಧತಿ ಬಂತು. ಎರಡೂ ಬೇರೆಯಾಗಿದ್ದರೆ, ಅಥವಾ ಹಳೆಯ ಸಂಖ್ಯೆಯನ್ನು ಉಜ್ಜಿ ಹೊಸದನ್ನು ಒತ್ತಿದ್ದರೆ, ಅದು ರಿಪೇರಿಯಲ್ಲಿ ಬದಲಾದ ಬೋಲ್ಟ್ ಎಂದು ಅನುಮಾನಿಸಬೇಕು, ಬಿಲ್ಲೆಗಳಿಂದ ಮತ್ತೆ ಅಳೆಯಬೇಕು.

ಕೋಲ್ಕತ್ತದ ಬಳಿ ಹೂಗ್ಲಿ ದಂಡೆಯ ಇಶಾಪುರ ಕಾರ್ಖಾನೆಯಲ್ಲಿ ಈ ರೈಫಲ್ ಸ್ವಾತಂತ್ರ್ಯದ ನಂತರವೂ ತಯಾರಾಯಿತು. ಅಲ್ಲಿನ ರೈಫಲುಗಳ ಮುಂಭಾಗದ ಮರಕ್ಕೆ ಅಡ್ಡಲಾಗಿ ಹಾಕಿದ ಒಂದು ತಿರುಪು ಇಂದಿಗೂ ಅವುಗಳ ಗುರುತು. 1962ರ ಚೀನಾ ಯುದ್ಧದ ನಂತರ ಇದೇ ವಿನ್ಯಾಸವನ್ನು 7.62 ಮಿ.ಮೀ. ತೋಟಾಕ್ಕೆ ಒಗ್ಗಿಸಲಾಯಿತು. ಸೇನೆ ಬಿಟ್ಟ ಮೇಲೆ .303 ಪೊಲೀಸರ ಹೆಗಲಲ್ಲಿ ಉಳಿಯಿತು. ಗುಂಡು ಹಾರಿಸಲು ಬಾರದಂತೆ ಮಾಡಿದ ರೈಫಲುಗಳು ಎನ್‌ಸಿಸಿ ಹುಡುಗರ ಕವಾಯತಿಗೆ ಹೋದವು.

2008ರ ನವೆಂಬರ್ 26ರ ರಾತ್ರಿ ಮುಂಬೈಯ ರೈಲು ನಿಲ್ದಾಣದಲ್ಲಿ ಎಕೆ-47 ಹಿಡಿದು ಬಂದವರನ್ನು ಎದುರಿಸಬೇಕಾದ ಪೊಲೀಸರ ಕೈಯಲ್ಲಿಯೂ ಇದೇ ಹಳೆಯ .303 ಇತ್ತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ. ನಳಿಗೆ, ಬಾಯಂಚು, ಬೋಲ್ಟು ಎಷ್ಟು ಸವೆದಿವೆ ಎಂದು ಅಳೆಯುವ ಸಾಧನಗಳು ಶಸ್ತ್ರಾಗಾರದಲ್ಲಿದ್ದವು. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ರೈಫಲ್ ಕೆಲಸಕ್ಕೆ ಬರುತ್ತದೆಂದೇ ಲೆಕ್ಕ. ಅದರ ಕಾಲ ಮುಗಿದಿದೆಯೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಶಸ್ತ್ರಾಗಾರದ ಹೊರಗಿದ್ದರು. ಆ ತೀರ್ಮಾನ ತಡವಾದಾಗ ಬೆಲೆ ತೆತ್ತವನು ರೈಫಲ್ ಹಿಡಿದು ನಿಂತ ಸಾಮಾನ್ಯ ಪೇದೆ.