ಆಡುಸೋಗೆ: ತೆಂಗಿನ ಸೀಮೆಯ ಬೇಲಿಯಲ್ಲಿ ಬೆಳೆದ ಮದ್ದು

ಆಡುಸೋಗೆ ಅಕಾಂತೇಸಿ ಕುಟುಂಬದ ನಿತ್ಯಹಸಿರು ಪೊದೆಗಿಡ. ಸಸ್ಯಶಾಸ್ತ್ರದಲ್ಲಿ ಜಸ್ಟೀಸಿಯ ಅಧಾತೋಡ ಎಂದು ಹೆಸರು; ಹಳೆಯ ಪುಸ್ತಕಗಳಲ್ಲೂ ಔಷಧಿ ಬಾಟಲಿಗಳ ಮೇಲೂ ಅಧಾತೋಡ ವಾಸಿಕ ಎಂದು ಕಾಣುವುದೂ ಇದೇ ಗಿಡ. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ವಾಸಾ, ವಾಸಕ, ಆಟರೂಷಕ ಎಂದು ಕರೆಯುತ್ತವೆ. ಕೆಮ್ಮು, ಕಫ, ಉಬ್ಬಸಗಳಿಗೆ ಭಾರತ ಉಪಖಂಡದಲ್ಲಿ ಬಳಕೆಯಲ್ಲಿರುವ ಮದ್ದಿನ ಗಿಡಗಳಲ್ಲಿ ಇದಕ್ಕೆ ಮುಂಚೂಣಿಯ ಸ್ಥಾನವಿದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಮಾತ್ರ ಇದರ ಚರಿತ್ರೆಯನ್ನು ಮದ್ದಿನಿಂದ ಶುರುಮಾಡಿದರೆ ಅರ್ಧ ಕಥೆ ಕೈತಪ್ಪುತ್ತದೆ. ಇಲ್ಲಿ ಇದನ್ನು ನೆಟ್ಟವರು ವೈದ್ಯರಲ್ಲ, ತೋಟದವರು, ನೆಟ್ಟದ್ದು ಬೇಲಿಗೆ. ಮದ್ದು ಆ ಬೇಲಿಯ ಜೊತೆಗೆ ಬಂತು.

ಗಿಡ ಸಾಮಾನ್ಯವಾಗಿ ಎಂಟು ಹತ್ತು ಅಡಿ ಬೆಳೆಯುತ್ತದೆ. ಕಾಂಡದ ಗೆಣ್ಣುಗಳು ಉಬ್ಬಿಕೊಂಡಿರುತ್ತವೆ. ಎಲೆಗಳು ಎದುರುಬದುರಾಗಿ ಹುಟ್ಟುತ್ತವೆ. ಗೇಣುದ್ದದವರೆಗೆ ಬೆಳೆದು ತುದಿಗೆ ಚೂಪಾಗುತ್ತವೆ. ಅಂಗೈಯಲ್ಲಿ ಉಜ್ಜಿದರೆ ಒಗರು ಬೆರೆತ ಘಾಟು ವಾಸನೆ, ನಾಲಿಗೆಗೆ ಇಟ್ಟರೆ ಬಹಳ ಹೊತ್ತು ಇಳಿಯದ ಕಹಿ. ಚಳಿಗಾಲದಲ್ಲಿ ರೆಂಬೆಯ ತುದಿಗೆ ತೆನೆಯಂತೆ ಒತ್ತೊತ್ತಾಗಿ ಬಿಳಿ ಹೂ ಬಿಡುತ್ತದೆ. ಹೂವಿಗೆ ಎರಡು ತುಟಿ, ಕೆಳತುಟಿಯ ಮೇಲೆ ನೇರಳೆ ಗೆರೆಗಳು. ಕಾಯಿ ಕಟ್ಟುವುದು ಕಡಿಮೆ. ಹಾಗಾಗಿ ಬೀಜದಿಂದ ಇದನ್ನು ಬೆಳೆಸುವವರು ವಿರಳ. ಒಂದು ಊರಿನ ಆಡುಸೋಗೆ ಇನ್ನೊಂದು ಊರಿಗೆ ಹೋಗಿರುವುದು ಬಹುಪಾಲು ಕಡ್ಡಿಯ ರೂಪದಲ್ಲಿ, ಯಾರದೋ ಬೇಲಿಯಿಂದ ಯಾರದೋ ಕೈಯಲ್ಲಿ. ಉಬ್ಬಸಕ್ಕೆ ಹೆಸರಾದ ಆಡುಮುಟ್ಟದ ಬಳ್ಳಿ ಬೇರೆಯೇ ಕುಟುಂಬದ್ದು. ಹೆಸರು ಹತ್ತಿರವಾದ್ದರಿಂದ ಎರಡನ್ನೂ ಒಂದೇ ಎಂದು ತಿಳಿಯುವುದುಂಟು, ಮದ್ದಿನ ವಿಷಯದಲ್ಲಿ ಈ ತಪ್ಪು ಆಗಬಾರದು.

ಬೇಲಿಯ ಗಿಡ

ಈ ಮೂರು ತಾಲ್ಲೂಕುಗಳು ಮಲೆನಾಡಿನ ಮಳೆಯನ್ನೂ ಕರಾವಳಿಯ ತೇವವನ್ನೂ ಕಾಣದ ಮೈದಾನ. ತೆಂಗಿಗೆ ಆಧಾರವಾದದ್ದು ಕೆರೆಗಳು, ಕೆರೆಯ ಕೆಳಗಿನ ತಗ್ಗು, ಹಳ್ಳದ ಸಾಲು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಯ ಮೇಲೆ ಹಾದುಹೋಗಿ ಈ ಭಾಗದ ತೆಂಗು ಅಡಿಕೆ ತೋಟಗಳ ಬೇಸಾಯವನ್ನು ಬರೆದಿಟ್ಟ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇನ್ನೂರು ವರ್ಷಗಳಿಗೂ ಹಿಂದೆಯೇ ಇಲ್ಲಿ ತೋಟಗಾರಿಕೆ ಬೇರೂರಿತ್ತು ಎನ್ನಲು ಅದೊಂದು ಸಾಕ್ಷಿ.

ತೋಟದಷ್ಟೇ ಹಳೆಯದು ಇಲ್ಲಿಯ ಕುರಿ ಮೇಕೆ ಸಾಕಣೆ. ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯ ಗೊಲ್ಲರಹಟ್ಟಿಗಳು, ಊರೂರಿನ ಕುರುಬರ ಮಂದೆಗಳು ಇಲ್ಲದೆ ಈ ನಾಡಿನ ಬೇಸಾಯವೇ ಇರಲಿಲ್ಲ. ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಂಡು ಗೊಬ್ಬರ ಮಾಡಿಕೊಳ್ಳುವುದು ರೈತನಿಗೂ ಮಂದೆಯವನಿಗೂ ಒಪ್ಪಿಗೆಯಾದ ವ್ಯವಹಾರ. ಆದರೆ ಅದೇ ಮೇಕೆ ಎಳೆ ತೆಂಗಿನ ಸಸಿಯ ಸುಳಿಗೆ ಬಾಯಿ ಹಾಕಿದರೆ ನಾಲ್ಕಾರು ವರ್ಷದ ದುಡಿಮೆ ಹೋದಂತೆ. ಮಂದೆ ಊರಿಗೆ ಬೇಕು, ತೋಟದೊಳಗೆ ಬೇಡ. ಓಣಿಯ ಇಕ್ಕೆಲದ ಬೇಲಿ ಈ ಎರಡು ಅಗತ್ಯಗಳ ನಡುವೆ ನಿಂತ ವ್ಯವಸ್ಥೆ.

ಈ ಬೇಲಿಗಳಲ್ಲಿ ಕತ್ತಾಳೆ, ಕಳ್ಳಿ, ಲಕ್ಕಿ, ಹೊಂಗೆ, ಸೀಗೆ, ತಂಗಡಿ ಎಲ್ಲವೂ ಕಲೆತಿರುತ್ತಿದ್ದವು. ಒಂದೊಂದಕ್ಕೂ ಒಂದೊಂದು ಕೆಲಸ. ಕತ್ತಾಳೆ ಮುಳ್ಳಿನಿಂದ ತಡೆಯುತ್ತದೆ, ನಾರನ್ನೂ ಕೊಡುತ್ತದೆ. ಹೊಂಗೆ ಸೊಪ್ಪಿಗೂ ಎಣ್ಣೆಗೂ ಆಯಿತು. ಮುಳ್ಳಿಲ್ಲದ ಆಡುಸೋಗೆ ತಡೆಯುವುದು ತನ್ನ ಕಹಿಯಿಂದ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಮಾತಿಗೆ ಇದೊಂದು ಅಪವಾದ. ಬರಗಾಲದಲ್ಲಿ ಬದುವೆಲ್ಲ ಬೋಳಾದರೂ ಇದರ ಎಲೆ ಉಳಿಯುತ್ತದೆ. ಬುಡದಿಂದ ಹತ್ತಾರು ಕವಲೊಡೆದು ಒತ್ತಾಗಿ ನಿಲ್ಲುವುದರಿಂದ ಕೆಳಗಿನಿಂದ ನುಸುಳುವ ಮರಿಗಳಿಗೂ ದಾರಿ ಸಿಗದು. ಮೂರು ತಾಲ್ಲೂಕುಗಳಲ್ಲಿ ಈ ಗಿಡದ ಬಾಳ್ವಿಕೆಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ ಎಂಬುದು ಈ ಲೇಖಕರ ಅಭಿಪ್ರಾಯ.

ಬೇಲಿಯನ್ನು ಸವರಿದಾಗ ಸಿಗುವ ಸೊಪ್ಪಿಗೂ ಬಳಕೆ ಇತ್ತು. ತೆಂಗಿನ ಬುಡದ ಪಾತಿ ಬಿಡಿಸಿ, ಹೊಂಗೆ, ಎಕ್ಕ, ಲಕ್ಕಿ ಸೊಪ್ಪಿನ ಜೊತೆ ಇದನ್ನೂ ಹರಡಿ ಮಣ್ಣು ಮುಚ್ಚುತ್ತಿದ್ದರು. ಸೊಪ್ಪು ಕೊಳೆತು ಗೊಬ್ಬರವಾಗುತ್ತದೆ, ಅದರ ಕಹಿಗೆ ಗೆದ್ದಲು ಹತ್ತಿರ ಸುಳಿಯದು ಎಂಬುದು ನಂಬಿಕೆ. ಇದು ಒಂದು ಸೀಮೆಯ ಜಾಣತನ ಮಾತ್ರವಲ್ಲ. ಜಾರ್ಜ್ ವ್ಯಾಟ್ 1889ರಿಂದ ಹೊರತಂದ ಭಾರತದ ಆರ್ಥಿಕ ಉತ್ಪನ್ನಗಳ ನಿಘಂಟಿನಲ್ಲಿ ಸಟ್ಲೆಜ್ ಕಣಿವೆಯ ಭತ್ತದ ಗದ್ದೆಗಳಿಗೆ ಇದೇ ಸೊಪ್ಪನ್ನು ಹಾಕುವ ರೂಢಿಯ ಪ್ರಸ್ತಾಪವಿದೆ. ಹಣ್ಣು ಕೆಡದಂತೆ ಈ ಎಲೆ ಹಾಸಿ ಕಟ್ಟುವ ಪದ್ಧತಿಯೂ ದೇಶದ ಹಲವೆಡೆ ಇತ್ತು. ಈಚಿನ ನೈಸರ್ಗಿಕ ಕೃಷಿಕರು ಮೇಕೆ ಹಸು ತಿನ್ನದ ಸೊಪ್ಪುಗಳನ್ನು ಗಂಜಲದಲ್ಲಿ ಕೊಳೆಸಿ ತಯಾರಿಸುವ ದಶಪರ್ಣಿ ಕಷಾಯಕ್ಕೂ ಇದು ಸೇರುತ್ತದೆ.

ನೆಡುವುದು, ಸವರುವುದು

ಬಲಿತ, ಆದರೆ ಪೂರ್ತಿ ಮರವಾಗದ ರೆಂಬೆಯನ್ನು ಆರಿಸಿ ಒಂದು ಗೇಣಿನಷ್ಟು, ಮೂರು ನಾಲ್ಕು ಗೆಣ್ಣು ಇರುವಂತೆ ಕಡ್ಡಿ ಕತ್ತರಿಸುತ್ತಾರೆ. ಕೆಳಗಿನ ಕಡಿತ ಗೆಣ್ಣಿಗೆ ತಾಗಿದಂತೆ ಓರೆಯಾಗಿರಬೇಕು. ಬೇರು ಒಡೆಯುವುದು ಅಲ್ಲಿಂದ. ಎಲೆಗಳನ್ನು ತೆಗೆದು ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ, ಬುಡವನ್ನು ಕಾಲಿನಿಂದ ಮೆಟ್ಟಿ ಗಟ್ಟಿಮಾಡುತ್ತಾರೆ. ತಲೆಕೆಳಗಾಗಿ ಊರಿದರೆ ಕಡ್ಡಿ ಒಣಗುತ್ತದೆ. ಎಲೆ ತೆಗೆದ ಮೇಲೆ ಯಾವುದು ಮೇಲು ಯಾವುದು ಕೆಳಗೆಂದು ಗುರುತು ತಪ್ಪುವುದರಿಂದಲೇ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ಸಮವಾಗಿ ಕಡಿಯುವ ಅಭ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು.

ಮುಂಗಾರು ಹಿಡಿದ ಮೇಲೆ ಊರಿದ ಕಡ್ಡಿಗೆ ನೀರು ಹೊರುವ ಕೆಲಸವಿಲ್ಲ. ಆದರೆ ತಿಪಟೂರು ಸೀಮೆಯಲ್ಲಿ ಭರವಸೆಯ ಮಳೆ ಹಿಂಗಾರಿನದು, ಸೆಪ್ಟೆಂಬರ್ ಅಕ್ಟೋಬರ್ ತಿಂಗಳದು. ಜೂನ್‌ನಲ್ಲಿ ಊರಿ ನಡುವೆ ಮಳೆ ಕೈಕೊಟ್ಟರೆ ಒಂದೆರಡು ಸಲ ಕೈನೀರು ಕೊಡಬೇಕಾಗುತ್ತದೆ. ಎರಡು ಮೂರು ವಾರದಲ್ಲಿ ಚಿಗುರು ಕಾಣುತ್ತದೆ. ಚಿಗುರು ಕಂಡ ಮಾತ್ರಕ್ಕೆ ಬೇರು ಬಂತೆಂದು ಕಿತ್ತು ನೋಡಬಾರದು, ಬೇರು ಕಚ್ಚಲು ಎರಡು ತಿಂಗಳು ಬೇಕು. ಬೇಲಿಗಾದರೆ ಒಂದು ಒಂದೂವರೆ ಅಡಿಗೆ ಒಂದು ಕಡ್ಡಿ. ಸೊಪ್ಪಿನ ಬೆಳೆಯಾಗಿ ತೆಂಗಿನ ಸಾಲುಗಳ ನಡುವೆ ಹಾಕುವುದಾದರೆ ಎರಡರಿಂದ ಮೂರು ಅಡಿ ಅಂತರ. ಮರದ ಪಾತಿಯನ್ನು, ಅಂದರೆ ಬುಡದಿಂದ ಸುತ್ತಲೂ ಆರು ಅಡಿ ಜಾಗವನ್ನು ಬಿಟ್ಟು ನೆಡಬೇಕು. ತೆಂಗಿನ ಬೇರು ಹೆಚ್ಚಾಗಿ ಹರಡಿರುವುದು ಅಲ್ಲೇ.

ಅರೆನೆರಳು ಈ ಗಿಡಕ್ಕೆ ಹಿಡಿಸುತ್ತದೆ. ಮರದ ನೆರಳಲ್ಲಿ ಎಲೆ ಅಗಲವಾಗಿ ಬರುತ್ತದೆ, ಬಿಸಿಲಿನಲ್ಲಿ ಚಿಕ್ಕದಾಗಿ ದಪ್ಪಗಾಗುತ್ತದೆ. ಕೆಂಪು ಮಣ್ಣು, ಗರಸು ಭೂಮಿ ಎರಡಕ್ಕೂ ಹೊಂದಿಕೊಳ್ಳುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಆಗದು, ಬುಡ ಕೊಳೆಯುತ್ತದೆ. ಮೊದಲ ವರ್ಷ ಕುಡಿ ಚಿವುಟಿದರೆ ಪಕ್ಕದ ಕವಲು ಬರುತ್ತವೆ. ಈ ಕೆಲಸವನ್ನು ಬಿಟ್ಟವರ ಬೇಲಿ ಮೇಲೆ ಸೊಂಪಾಗಿ, ಕೆಳಗೆ ಕಾಲು ಕಾಲಾಗಿ ನಿಲ್ಲುತ್ತದೆ, ಮೇಕೆಮರಿಗೆ ಅದೇ ಬಾಗಿಲು. ಎರಡನೆಯ ವರ್ಷದಿಂದ ನೆಲದಿಂದ ಎರಡಡಿ ಬಿಟ್ಟು ವರ್ಷಕ್ಕೆ ಎರಡು ಮೂರು ಸಲ ಸವರಬಹುದು. ಮದ್ದಿಗೆ ಬೇಕಾದ ಎಲೆಯನ್ನು ಹೂ ಬಿಡುವ ಹೊತ್ತಿಗೆ, ಬಲಿತದ್ದನ್ನು ಆರಿಸಿ ಕೊಯ್ದು ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಹಾಕಿದ ಎಲೆ ಕಂದುಬಣ್ಣಕ್ಕೆ ತಿರುಗುತ್ತದೆ, ವ್ಯಾಪಾರಿ ಬೆಲೆ ಇಳಿಸುತ್ತಾನೆ.

ಮದ್ದು

ಚರಕ, ಸುಶ್ರುತ ಸಂಹಿತೆಗಳಿಂದ ಹಿಡಿದು ನಂತರದ ಗ್ರಂಥಗಳವರೆಗೆ ಕೆಮ್ಮು, ಉಬ್ಬಸ, ರಕ್ತಪಿತ್ತ, ಕ್ಷಯಗಳ ಚಿಕಿತ್ಸೆಯಲ್ಲಿ ವಾಸಾ ಬರುತ್ತದೆ. ವಾಸಾವಲೇಹ, ವಾಸಾರಿಷ್ಟ ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ಸಿಗುತ್ತವೆ. ಮನೆಯ ಬಳಕೆ ಇನ್ನೂ ಸರಳ: ನಾಲ್ಕಾರು ಎಲೆ, ಮೆಣಸು, ಶುಂಠಿ, ಜೀರಿಗೆ ಹಾಕಿ ಕುದಿಸಿ, ಬೆಲ್ಲ ಬೆರೆಸಿದ ಕಷಾಯ. ರಸವೇ ಬೇಕಾದರೆ ಹಸಿ ಎಲೆಯನ್ನು ಎಷ್ಟು ಜಜ್ಜಿ ಹಿಂಡಿದರೂ ಸುಲಭಕ್ಕೆ ಬಾರದು. ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಬೇಕು, ಇಡ್ಲಿ ಪಾತ್ರೆಯಲ್ಲಿಟ್ಟರೂ ಸರಿ. ಎಲೆ ಬಾಡಿ ಮೆತ್ತಗಾದ ಮೇಲೆ ಬಟ್ಟೆಯಲ್ಲಿ ಹಿಂಡಿದರೆ ಕಪ್ಪುಹಸಿರು ರಸ ಇಳಿಯುತ್ತದೆ. ಅದಕ್ಕೆ ಜೇನು ಬೆರೆಸಿ ಕೊಡುತ್ತಾರೆ. ಆಯುರ್ವೇದದ ಪುಟಪಾಕ ಎಂಬ ಕ್ರಮದ ಅಡುಗೆಮನೆಯ ರೂಪವಿದು.

ಗರ್ಭಿಣಿಯರು ಇದನ್ನು ಸೇವಿಸಬಾರದು. ಇದರ ಸಾರ ಗರ್ಭಕೋಶವನ್ನು ಸಂಕುಚನಗೊಳಿಸುತ್ತದೆ. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ಸಿ. ಕೆ. ಅಟಲ್ ಈ ಗುಣದ ಅಧ್ಯಯನಗಳನ್ನು ಕುರಿತ ಗ್ರಂಥವನ್ನು 1980ರಲ್ಲಿ ಪ್ರಕಟಿಸಿದರು. ಬೇಲಿಯಲ್ಲಿ ಸಿಗುವ ಸೊಪ್ಪು, ಏನೂ ಆಗದು ಎಂಬ ಉದಾಸೀನ ಇಲ್ಲಿ ಸಲ್ಲದು. ಎರಡು ವಾರ ಮೀರಿಯೂ ಬಿಡದ ಕೆಮ್ಮು, ಕಫದಲ್ಲಿ ರಕ್ತ ಕಂಡರೆ ಕಷಾಯ ನೆಚ್ಚಿ ಕೂರದೆ ಕ್ಷಯದ ಪರೀಕ್ಷೆ ಮಾಡಿಸಬೇಕು.

ಪ್ರಯೋಗಾಲಯದ ದಾರಿ

ಪಾಶ್ಚಾತ್ಯ ಸಸ್ಯಶಾಸ್ತ್ರಕ್ಕೆ ಗಿಡದ ಪರಿಚಯ ಸಿಂಹಳದ ಮೂಲಕ ಆಯಿತು. ಲಿನೇಯಸ್ 1753ರಲ್ಲಿ ಅದಕ್ಕೆ ಈಗಿನ ಹೆಸರು ಕೊಟ್ಟ. ನೀಲಗಿರಿಯ ಉದಕಮಂಡಲದಲ್ಲಿ ಸಿಂಕೋನಾ ತೊಗಟೆಯ ಸರ್ಕಾರಿ ರಸಾಯನಜ್ಞನಾಗಿದ್ದ ಡೇವಿಡ್ ಹೂಪರ್ 1888ರಲ್ಲಿ ಎಲೆಯಿಂದ ವಾಸಿಸೀನ್ ಎಂಬ ಕ್ಷಾರಕವನ್ನು ಬೇರ್ಪಡಿಸಿದ. ಕೆಳವರ್ಗದ ಜೀವಿಗಳಿಗೆ ಈ ಎಲೆ ವಿಷವೆಂಬುದನ್ನೂ ಗುರುತಿಸಿದ. ಪಾತಿಗೆ ಸೊಪ್ಪು ಹಾಕುತ್ತಿದ್ದವರ ನಂಬಿಕೆಗೆ ಇದು ಹತ್ತಿರದ ಮಾತು. 1900ರಲ್ಲಿ ಬ್ರಿಟಿಷ್ ಫಾರ್ಮಕೋಪಿಯಾದ ಭಾರತೀಯ ಮತ್ತು ವಸಾಹತು ಅನುಬಂಧದಲ್ಲಿ ಆಡುಸೋಗೆಗೆ ಜಾಗ ಸಿಕ್ಕಿತು. 1960ರ ದಶಕದಲ್ಲಿ ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿ ವಾಸಿಸೀನ್‌ನ ರಚನೆಯನ್ನು ಆಧರಿಸಿ ಬ್ರೋಮ್‌ಹೆಕ್ಸಿನ್ ಅನ್ನೂ, ಮುಂದೆ ಅದರಿಂದ ಆಂಬ್ರಾಕ್ಸಾಲ್ ಅನ್ನೂ ರೂಪಿಸಿತು. ತಿಪಟೂರಿನ ಮೆಡಿಕಲ್ ಸ್ಟೋರಿನಲ್ಲಿ ಕಫ ಕರಗಿಸಲು ಕೊಡುವ ಸಿರಪ್ಪುಗಳಲ್ಲಿ ಇವು ಇಂದು ಸಾಮಾನ್ಯ.

ಬೇಲಿ ಬದಲಾದ ಮೇಲೆ

ಕೊಳವೆಬಾವಿ ಬಂದ ಮೇಲೆ ತೆಂಗು ಕೆರೆಯ ಕೆಳಗಿನ ತಗ್ಗನ್ನು ಬಿಟ್ಟು ರಾಗಿ ಹೊಲಗಳಿಗೆ ಹತ್ತಿತು. ಹೊಸ ತೋಟಗಳಿಗೆ ಬಂದದ್ದು ಕಲ್ಲುಕಂಬ ಮತ್ತು ತಂತಿ. ತಂತಿಬೇಲಿ ಒಂದೇ ದಿನದಲ್ಲಿ ನಿಲ್ಲುತ್ತದೆ, ಜಾಗ ತಿನ್ನುವುದಿಲ್ಲ, ಸವರುವ ಕೂಲಿ ಇಲ್ಲ. ಹಸಿರುಗೊಬ್ಬರಕ್ಕೆ ಗ್ಲಿರಿಸಿಡಿಯ ಬಂತು. ಗಾಳಿಯ ಸಾರಜನಕವನ್ನು ಹಿಡಿದಿಡುವ ದ್ವಿದಳ ಗಿಡವಾದ್ದರಿಂದ ಗೊಬ್ಬರದ ಲೆಕ್ಕದಲ್ಲಿ ಅದು ಆಡುಸೋಗೆಗಿಂತ ಮೇಲು, ಒಪ್ಪಲೇಬೇಕು. ಬೇಲಿಯ ಕೆಲಸ ತಂತಿಗೂ ಸೊಪ್ಪಿನ ಕೆಲಸ ಗ್ಲಿರಿಸಿಡಿಯಕ್ಕೂ ಹೋದ ಮೇಲೆ ಆಡುಸೋಗೆಗೆ ಉಳಿದದ್ದು ಮದ್ದಿನ ಕೆಲಸ. ವರ್ಷಕ್ಕೆ ಒಂದೆರಡು ಸಲದ ಕೆಮ್ಮಿಗಾಗಿ ಯಾರೂ ನೂರು ಮಾರು ಬೇಲಿ ಬೆಳೆಸುವುದಿಲ್ಲ. ಓಣಿ ಅಗಲ ಮಾಡಲು ಜೆಸಿಬಿ ಬಂದಾಗ ಹಳೆಯ ಬೇಲಿಯೂ ಹೋಗುತ್ತದೆ, ಆ ಜಾಗಕ್ಕೆ ಲಂಟಾನ ಬರುತ್ತದೆ.

ಗಿಡವನ್ನು ಉಳಿಸುವ ಪ್ರಯತ್ನಗಳು ಹೆಚ್ಚಾಗಿ ಕೈತೋಟದ ದಾರಿ ಹಿಡಿದಿವೆ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನ, ಅಂದರೆ ಎಫ್‌ಆರ್‌ಎಲ್‌ಎಚ್‌ಟಿ, ದಕ್ಷಿಣದ ರಾಜ್ಯಗಳ ಹಳ್ಳಿಗಳಲ್ಲಿ ಮನೆಮದ್ದಿನ ತೋಟಗಳನ್ನು ಬೆಳೆಸಿತು. ಕೇಂದ್ರ ಸರ್ಕಾರ 2000ದಲ್ಲಿ ರಾಷ್ಟ್ರೀಯ ಔಷಧಿ ಸಸ್ಯ ಮಂಡಳಿಯನ್ನು ಸ್ಥಾಪಿಸಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ನಡುವೆ ಔಷಧಿ ಗಿಡಗಳ ಅಂತರಬೇಸಾಯವನ್ನು ಪರೀಕ್ಷಿಸಿದೆ. ಅಲ್ಲಿಂದ ದಕ್ಷಿಣಕ್ಕೆ ಕೇರಳದಲ್ಲಿ ಇದರ ಚಿಕ್ಕ ಎಲೆಯ ಬಂಧು ಚಿಟ್ಟಾಡಲೋಡಗವನ್ನು ಔಷಧಿ ತಯಾರಕರಿಗಾಗಿಯೇ ಬೆಳೆಯುತ್ತಾರೆ. ತಿಪಟೂರು ಸೀಮೆಯಲ್ಲಿ ಒಣ ಎಲೆಗೆ ಅಂಥ ಬೇಡಿಕೆ ಇಲ್ಲ, ಉಂಡೆಕೊಬ್ಬರಿಯ ಲೆಕ್ಕದ ಮುಂದೆ ಅದರ ಹಣ ಕಣ್ಣಿಗೆ ಕಾಣುವಷ್ಟೂ ಅಲ್ಲ. ಆದ್ದರಿಂದ ಇಲ್ಲಿ ಇದನ್ನು ಬೆಳೆಯಾಗಿ ಮಾಡುವುದಕ್ಕಿಂತ ಬೇಲಿಗೆ ಮರಳಿಸುವುದೇ ಸರಿಯಾದ ದಾರಿ. ತಿಪಟೂರು ತಾಲ್ಲೂಕಿನ ಲಕ್ಕಿಹಳ್ಳಿಯಲ್ಲಿ ಕೇಂದ್ರವಿರುವ ಬೈಫ್ ಸಂಸ್ಥೆಯಂಥವು ಬದುವಿನ ಮೇಲೆ ಮರಗಿಡ ಬೆಳೆಸುವ ಕೃಷಿಯನ್ನು ದಶಕಗಳಿಂದ ಹೇಳಿಕೊಡುತ್ತಿರುವುದರಿಂದ ಇದಕ್ಕೆ ನೆಲ ಹದವಾಗಿಯೇ ಇದೆ.

ತಂತಿ ಇರುವ ತೋಟದಲ್ಲೂ ಇದು ಸಾಧ್ಯ. ತಂತಿಯಿಂದ ಎರಡಡಿ ಒಳಗೆ ಒಂದು ಸಾಲು ಕಡ್ಡಿ ಊರಿದರೆ ಸಾಕು. ಮೊದಲ ಎರಡು ವರ್ಷ ತಂತಿ ಕಾಯುತ್ತದೆ, ಮೂರನೆಯ ಮುಂಗಾರಿನ ಹೊತ್ತಿಗೆ ಗಿಡ ಎದೆಮಟ್ಟ ಬರುತ್ತದೆ. ಸವರಿದ ಸೊಪ್ಪು ಪಾತಿಗೆ, ಸವರಿದ ಕಡ್ಡಿ ಪಕ್ಕದ ತೋಟದವರಿಗೆ.